ಸೀಟಿಗೆ ಏಳದ ಕೂಸು

"ಏ ಹನಿಯಾ, ಬಸುರಿ ಹಂದಿ! ಹಣ್ಣು ಕೀಳ್ತೀಯೋ, ಮಣ್ಣಾಗೆ ಹೊರಳ್ತಾ ಇದ್ದೀಯೋ?"

ಮೇಸ್ತ್ರಿ ಬುವಝ್ಝಾ ನನ್ನ ತಂಗಿಯ ಕಿವಿಗೇ ಬಗ್ಗಿ ಸೀಟಿ ಊದಿದ. ಬೆಚ್ಚಿಬಿದ್ದ ಅವಳ ಕೈಯಿಂದ ಸ್ಟ್ರಾಬೆರಿ ಜಾರಿತು.

"ಬಿದ್ದಿದ್ದನ್ನ ನಿಮ್ಮಪ್ಪ ತಿಂತಾನಾ?"

ಲಾರಾಶ್ ಪಟ್ಟಣದ ಪಕ್ಕದ ಹಾಜಿ ತಯ್ಯಿಬ್ ಸಾಹೇಬರ ಸ್ಟ್ರಾಬೆರಿ ತೋಟದಲ್ಲಿ ಸೀಟಿಗೆ ಬಿಡುವಿಲ್ಲ. ನಲವತ್ತು ಹೆಂಗಸರು ಬೆಳಗಿನಿಂದ ಬಗ್ಗಿದವರು ಬಗ್ಗಿದ ಹಾಗೇ. ಹನಿಯಾಗೆ ಏಳು ತಿಂಗಳು, ಹೊಟ್ಟೆ ಮಾತ್ರ ಐದರಷ್ಟೇ. ಹೋದ ವರ್ಷ ಇದೇ ಸಾಲಿನಲ್ಲಿ ಅವಳಿಗೆ ಒಂದು ಬಸಿರು ಇಳಿದುಹೋಗಿತ್ತು. ಇದೂ ಹೋದೀತೆಂದು ನನಗೆ ಜೀವವೇ ಬಾಯಿಗೆ ಬಂದಿತ್ತು.

ಹೊಟ್ಟೆಯೊಳಗೆ ಬೆಳೆಯದ ಮಗುವನ್ನು ನಾವು ಮಲಗಿದ ಮಗು ಎನ್ನುತ್ತೇವೆ. ನಮ್ಮ ಜೊತೆಯೇ ಹಣ್ಣು ಕೀಳುವ ಸೂಲಗಿತ್ತಿ ತಾಮು ಅಜ್ಜಿ ಹೊಟ್ಟೆ ಸವರಿ ನೋಡಿದಳು. "ಹೆದ್ರಿ ಮಲ್ಗೈತೆ ಕಣವ್ವಾ. ಈ ಗದ್ಲದಾಗೆ ಯಾವ ಕೂಸು ಎದ್ದೀತು?"

ಬುವಝ್ಝಾ ಬಿದ್ದು ಬಿದ್ದು ನಕ್ಕ. "ಮೈಗಳ್ಳಿ ಹೊಟ್ಟೇಲಿ ಮೈಗಳ್ಳ! ಹುಟ್ಟೋಕ್ ಮುಂಚೇನೇ ಗೊರಕೆ!"

ಪರದೇಶದ ವ್ಯಾಪಾರಿಗಳು ಬರುವ ವಾರ ಸಾಹೇಬರಿಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಪಟ್ಟಣದಿಂದ ಡಾಕ್ಟರಮ್ಮ ಬಂದಳು, ವ್ಯಾಪಾರಿಗಳಿಗೆ ತೋರಿಸೋಕೆ ಫೋಟೋದವನೂ ಬಂದ. ಹನಿಯಾಳ ಹೊಟ್ಟೆಗೆ ಟೇಪು ಹಿಡಿದ ಡಾಕ್ಟರಮ್ಮನ ಮುಖ ಸಣ್ಣಗಾಯಿತು.

"ದಿನಾ ಹೆದರ್ತಿದ್ರೆ ತಾಯಿ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತೆ. ಗರ್ಭದೊಳಗಿನ ಮಾಸು ಅದರಲ್ಲಿ ಒಂದಷ್ಟನ್ನ ತಡೆಯುತ್ತೆ. ಅತಿಯಾದ್ರೆ ಮಗುಗೂ ಹೋಗುತ್ತೆ, ಬೆಳವಣಿಗೆ ಕುಂಠಿತ ಆಗಬಹುದು. ಇವಳಿಗೆ ವಿಶ್ರಾಂತಿ ಬೇಕು. ಯಾರೂ ಕೂಗಬಾರದು."

ಹತ್ತು ವರ್ಷ ಓದಿ ಬಂದವಳೂ ತಾಮು ಅಜ್ಜಿಯ ಮಾತನ್ನೇ ಆಡಿದಳು, ಪಾಪ.

ಸಾಹೇಬರು ಗಡ್ಡ ನೀವಿಕೊಂಡರು. "ಕೇಳಿಸ್ತೇನ್ರೇ? ಇವತ್ತಿಂದ ಯಾರೂ ಹೆದರ್ಕೂಡ್ದು. ಹೆದ್ರಿದ್ರೆ ಕೆಲಸದಿಂದ ತೆಗೆದು ಬಿಸಾಕ್ತೀನಿ!"

ನಾವೆಲ್ಲ ಹಲ್ಲು ಕಿರಿದೆವು. ಫೋಟೋ ಚೆನ್ನಾಗಿಯೇ ಬಂತಂತೆ. ಡಾಕ್ಟರಮ್ಮನ ಕಾರು ಗೇಟು ದಾಟಿತೋ ಇಲ್ಲವೋ, ಹನಿಯಾಳ ಬೆನ್ನ ಹಿಂದೆ ಸೀಟಿ.

ಹನಿಯಾ ಸೊಂಟ ಹಿಡಿದು ಎದ್ದಳು. ಬುವಝ್ಝಾನ ಕೊರಳಿನ ದಾರಕ್ಕೆ ಕೈ ಹಾಕಿ ಸೀಟಿ ಕಿತ್ತುಕೊಂಡು ಗೊಬ್ಬರದ ನೀರಿನ ತೊಟ್ಟಿಗೆ ಎಸೆದಳು.

"ನಿನ್ನವ್ವನ್..." ಅವನು ಕೈ ಎತ್ತಿದ.

"ಶ್!" ಎಂದಳು ತಾಮು ಅಜ್ಜಿ. "ಕೂಸು ಮಲ್ಗೈತೆ." ಬುಟ್ಟಿ ಕೆಳಗಿಟ್ಟು ಸಾಲಿನಲ್ಲೇ ಕೂತಳು. ನಾನೂ ಕೂತೆ. ನಲವತ್ತು ಜನವೂ ಕೂತೆವು.

"ಏಳ್ರೇ ಬೋಸುಡಿಯರಾ! ಲಾರಿ ಕಾಯ್ತೈತೆ, ಹಣ್ಣು ಕೊಳೆಯುತ್ತೆ!" ಸಾಹೇಬರು ಅರಚಿದರು.

ನಲವತ್ತು ಬೆರಳು ತುಟಿಗೆ ಬಂದವು. "ಶ್!"

ಬಿಸಿಲೇರಿತು. ಹನಿಯಾ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟು ಕೂಸು ಎದ್ದು ಒದೆಯಲೆಂದು ಕಾದಳು. ಆವತ್ತು ಅದಿನ್ನೂ ಒದ್ದಿರಲಿಲ್ಲ. ನಾವು ಏಳಲಿಲ್ಲ.