ನೆನೆದ ರಾಗಿಯ ಬಾಗಿನ

ಆ ವರ್ಷ ಭರಣಿ ಮಳೆಗೆ ಹುಚ್ಚು ಹಿಡಿದಿತ್ತು. ಯುಗಾದಿಯ ತೋರಣ ಇನ್ನೂ ಬಾಗಿಲಲ್ಲಿ ಇರುವಾಗಲೇ ಗುಡುಗು, ಗಾಳಿ, ಆಲಿಕಲ್ಲು. ಮಾಡದಕೆರೆ ಸೀಮೆಯ ಹಳ್ಳಗಳೆಲ್ಲ ದಡ ಮೀರಿದವು. ಬೇಸಿಗೆಯಲ್ಲಿ ಕೆರೆ ತುಂಬಿತೆಂದರೆ ಯಾರು ನಂಬಬೇಕು! ಹೆಚ್ಚಿನ ನೀರು ಕೋಡಿ ಬಿದ್ದು ಹರಿದುಹೋಗಬೇಕಿತ್ತು. ಹೋಗಲಿಲ್ಲ. ತನ್ನ ತೆಂಗಿನ ತೋಟಕ್ಕೆ ನೀರು ಸಾಲದೆಂದು ಗೌಡ ಪಂಚಾಕ್ಷರಪ್ಪ ಕೋಡಿಗೆ ಮಣ್ಣೇರಿಸಿ ಕಟ್ಟಿಸಿಬಿಟ್ಟಿದ್ದ. ನೀರು ಹಿಂದಕ್ಕೊತ್ತಿ ಕೂಲಿ ಹೆಂಗಸು ತಿಪ್ಪಕ್ಕನ ಕೇರಿಯತ್ತ ಬರುತ್ತಿತ್ತು.

ಆ ಕೇರಿಯ ಕೂಲಿಯವರ ವರ್ಷದ ರಾಗಿಯೆಲ್ಲ ಹಗೇವಿನಲ್ಲಿತ್ತು. ನೆಲದಡಿಯ ಆ ಕಾಳಿನ ಗುಂಡಿಯನ್ನು ಸುರಿವ ಮಳೆಯಲ್ಲಿ ತೆಗೆಯುವಂತಿಲ್ಲ. ಅದರೊಳಕ್ಕೆ ನೀರು ಇಳಿದರೆ ಮುಂದಿನ ಸುಗ್ಗಿಯವರೆಗೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ತಿಪ್ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೌಡನ ಪಡಸಾಲೆಯ ಮುಂದೆ ನಿಂತಳು.

“ಕೋಡಿ ಬಿಡಿಸ್ರಿ ಗೌಡ್ರೆ, ಹಗೇವಿಗೆ ನೀರು ಬರ್ತೈತೆ.”

“ತುಂಬಿದ ಕೆರಿಗೆ ನಮ್ಮನೆಯಾಕಿ ಬಾಗಿನ ಬಿಡದೆ ಕೋಡಿ ಮುಟ್ಟಂಗಿಲ್ಲ. ಹಿರೇರಿಂದ ಬಂದಿದ್ದು. ಶುಕ್ರವಾರ ಬಿಡ್ತಾಳೆ.”

“ಗಂಗಮ್ಮ ಶುಕ್ರವಾರ ನೋಡ್ಕಂಡು ಬಂದವಳೇನ್ರಿ? ಮಣ್ಣೇರ್ಸುವಾಗ ಯಾವ ಬಾಗಿನ ಬಿಟ್ರಿ?”

“ಏಯ್, ಬಾಯಿ ಬಿಗಿ ಹಿಡಿ! ಬೇಕಾದ್ರೆ ಹೊಸದುರ್ಗಕ್ಕೆ ಹೋಗಿ ಅಮಲ್ದಾರ್ರಿಗೆ ಹೇಳ್ಕ.”

ಹಳ್ಳ ತುಂಬಿ ಊರಿಂದಾಚೆಗೆ ದಾರಿಯೇ ಇರಲಿಲ್ಲ. ಅದು ಅವನಿಗೂ ಗೊತ್ತು. ತಿಪ್ಪಕ್ಕನಿಗೆ ಅಂಗಾಲಿಂದ ನೆತ್ತಿಯವರೆಗೆ ಉರಿಯಿತು. ಗುದ್ದಲಿ ತಗೊಂಡು ಬರ್ರಿ ಎಂದು ಕೇರಿಯ ಗಂಡಸರನ್ನು ಕರೆದಳು. ಬಾಗಿನ ಬಿಡದೆ ಕೋಡಿ ಕಡಿದರೆ ಗಂಗಮ್ಮನ ಶಾಪ ತಟ್ಟೀತೆಂದು ಒಬ್ಬನೂ ಏಳಲಿಲ್ಲ. “ನಿಮ್ಮ ಮೀಸಿಗೆ ಬೆಂಕಿ ಹಾಕ!” ಎಂದು ಬೈದು ಒಬ್ಬಳೇ ಹೋದಳು. ಗೌಡನ ಆಳುಗಳು ಅವಳನ್ನು ಏರಿಯಿಂದ ಅಟ್ಟಿದರು. ಮರುದಿನ ಹಗೇವಿನೊಳಕ್ಕೆ ನೀರು ಗುಳುಗುಳು ಇಳಿಯಿತು.

ಶುಕ್ರವಾರ ಮಳೆ ಬಿಟ್ಟಿತ್ತು. ಗೌಡ ವಾಲಗದೊಡನೆ ಏರಿಗೆ ಬಂದ. ಅಷ್ಟರಲ್ಲಿ ಏರಿಯೇ ಜಿನುಗತೊಡಗಿತ್ತು. ಒಡೆದರೆ ಕೊಚ್ಚಿಹೋಗುವುದು ಕೆಳಗಿದ್ದ ಅವನ ತೋಟ. ಈಗ ಅವನಿಗೆ ಅವಸರವೋ ಅವಸರ! ಹೆಂಡತಿ ದಾಕ್ಷಾಯಣಮ್ಮನ ಕೈಯಲ್ಲಿ ಬಾಗಿನದ ಮೊರವಿತ್ತು. ತಿಪ್ಪಕ್ಕ ಅಡ್ಡ ನಿಂತಳು. ಅವಳ ಮೊರದ ತುಂಬ ನೆನೆದು, ಮುಗ್ಗಿ, ಗಬ್ಬು ನಾರುವ ರಾಗಿ.

“ಇದನ್ನೂ ಬಿಡ್ರಿ ಗೌಡ್ತಿಯಮ್ಮ. ನಿಮ್ಮ ಶುಕ್ರವಾರಕ್ಕೆ ನಮ್ಮ ಕೇರಿಯ ಬಾಗಿನ. ನಮ್ಮ ಮಕ್ಕಳ ಮುದ್ದೆ ಇದು!”

“ಎಳೀರಲೇ ಆಕಿನ್ನ ಆಚೆ!” ಗೌಡ ಅರಚಿದ.

ದಾಕ್ಷಾಯಣಮ್ಮ ಆ ರಾಗಿಗೆ ಕೈಯಿಟ್ಟಳು, ಮೂಸಿದಳು. ತನ್ನ ಮೊರವನ್ನು ನೆಲಕ್ಕಿಟ್ಟಳು.

“ನಾನು ಬಿಡದೆ ಕೋಡಿ ಮುಟ್ಟಂಗಿಲ್ಲ, ಅಲ್ವೇನ್ರಿ? ಮೊದ್ಲು ನಮ್ಮ ಹಗೇವು ತೆಗಿಸ್ರಿ. ಇವರದ್ದು ಹಾಳಾದಷ್ಟು ರಾಗಿ ಇವರಿಗೆ ಅಳೀರಿ. ಆಮ್ಯಾಲೆ ಬಿಡ್ತೀನಿ.”

“ಏರಿ ಒಡೀತೈತೆ ಕಣೇ!”

“ಒಡೀಲಿ.”

ಸಂಜೆಯೊಳಗೆ ರಾಗಿ ಅಳೆದಾಯಿತು. ಬಾಗಿನ ಬಿಟ್ಟರು, ಕೋಡಿ ಕಡಿದರು. ತಿಪ್ಪಕ್ಕ ಮೂಟೆ ಹೊತ್ತಳು. ಕೈ ಮುಗಿಯಲಿಲ್ಲ. ಅವಳ ಸಿಟ್ಟು ಒಂದು ಕಾಳಿನಷ್ಟೂ ಇಳಿದಿರಲಿಲ್ಲ.

“ಇನ್ನೊಂದು ಸಲ ಕೋಡಿಗೆ ಮಣ್ಣೇರ್ಸಿ ನೋಡ್ರಿ ಗೌಡ್ರೆ,” ಎಂದಳು. “ಕೇಳಾಕೆ ನಿಮ್ಮ ಬಾಗಿಲಿಗೆ ಬರಾಕಿಲ್ಲ. ಗುದ್ದಲಿ ತಗಂಡು ಸೀದಾ ಏರಿಗೇ ಹೋಗ್ತೀವಿ.”

ಈ ಸಲ ಅವಳ ಹಿಂದೆ ನಿಂತ ಗಂಡಸರು ತಲೆ ತಗ್ಗಿಸಲಿಲ್ಲ.