ತೋಳಿನೊಳಗಿನ ಕೆಂಪು ಗುಂಡಿ

ಹಳದಿ ಗೆರೆ ಮಾಸಿದೆ, ಮೆಟ್ಟಿಲು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿ ಅಂತಲೇ ಯಾರೋ ಪುಣ್ಯಾತ್ಮ ಅಂಚಿಗೆ ಬಳಿದ ಬಣ್ಣ, ಜನ ತುಳಿದೂ ತುಳಿದೂ ನಟ್ಟನಡುವೆ ಅಳಿಸಿಹೋಗಿದೆ, ಯಾರೂ ಕಾಲಿಡದ ಮೂಲೆಯಲ್ಲಿ ಮಾತ್ರ ಹೊಸದರ ಹಾಗೆ ಹೊಳೆಯುತ್ತಿದೆ, ಅವನಿಗೆ ಬೇಕಾದ ಕಡೆ ಇಲ್ಲ, ಯಾವತ್ತೂ ಇರುವುದಿಲ್ಲ — ಒಂದು, ಪಾದ ಮುಂದೆ, ಹಿಮ್ಮಡಿ ತಾಗಿತೇ, ತಾಗಿತು, ಈಗ ಇಳಿಯಮ್ಮ, ಹೂಂ ಇಳಿದೆ, ಎರಡು, ಅಮ್ಮನ ಚಪ್ಪಲಿ ಅವನ ಬೂಟಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅವಳ ಒಂದು ಕಣ್ಣಿಗೆ ಬಿಳಿ ಪಟ್ಟಿ, ಇನ್ನೊಂದರಲ್ಲಿ ಪೊರೆ ಬಲಿತು ಬರೀ ಮಂಜು, ಬೆಳಕಿದೆಯೋ ಇಲ್ಲವೋ ಅಷ್ಟೇ ಗೊತ್ತಾಗುವುದು, ಒಂದು ವಾರ ಎಲ್ಲೂ ತಾಗಬಾರದು, ಜರ್ಕ್ ಆಗಬಾರದು, ಮುಖಕ್ಕೆ ಏಟು ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ ಆಗುತ್ತೆ ನೋಡಿ, ಡಾಕ್ಟರು ಹೇಳಿದ್ದು ಅಕ್ಕನಿಗೆ, ಅವನು ಬಾಗಿಲ ಬಳಿ ನಿಂತು ಕೇಳಿಸಿಕೊಂಡ, ಇಂಥದ್ದನ್ನೆಲ್ಲ ಅವನಿಗೆ ಯಾರೂ ಹೇಳುವುದಿಲ್ಲ. ಔಷಧಿ ತಗೊಂಡು ಕಾರು ಬಾಗಿಲಿಗೆ ತಂದು ನಾನೇ ಮೇಲೆ ಬರ್ತೀನಿ, ನೀನು ಮಾತ್ರ ಇಳಿಸೋಕೆ ಹೋಗಬೇಡ, ಅಮ್ಮನ ಕಣ್ಣು ಕಣೋ ಅದು, ಅಕ್ಕ ಹಾಗೆಂದು ದಡದಡನೆ ಇಳಿದು ಹೋದಳು, ಮೆಟ್ಟಿಲ ಕಡೆ ನೋಡದೆಯೇ ಇಳಿದಳು, ಅದು ಹೇಗೆ ಸಾಧ್ಯವೋ. ಆಮೇಲೆ ನರ್ಸು ಬಂದು ಹಾಸಿಗೆ ಬಿಡಿ, ಮುಂದಿನವರು ಕಾಯ್ತಿದ್ದಾರೆ ಅಂದಳು, ಹೊರಗಿನ ಬೆಂಚು ತುಂಬಿತ್ತು, ಲಿಫ್ಟಿಗೆ ಕೆಟ್ಟಿದೆ ಎಂಬ ಬೋರ್ಡು ನೇತುಹಾಕಿದ್ದರು, ನಿಂತೂ ನಿಂತೂ ಅಮ್ಮನ ಮಂಡಿ ನಡುಗತೊಡಗಿತು. ನಡಿಯೋ ಹೋಗೋಣ, ಅಕ್ಕ ಬರಲಿ ಅಮ್ಮ, ಅವಳು ಯಾಕೆ, ನೀನಿಲ್ವಾ. ನೀನಿಲ್ವಾ — ನಲವತ್ತೆರಡು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಅಂದಿರಲಿಲ್ಲ, ಅಂದ ಮೇಲೆ ನಿಲ್ಲುವುದು ಹೇಗೆ.

ಮೂರು, ಹಿಮ್ಮಡಿ, ಇಳಿ. ನಾಲ್ಕು. ಹತ್ತುವಾಗ ಎಣಿಸಿಟ್ಟಿದ್ದಾನೆ, ಹನ್ನೊಂದು ಇಳಿದರೆ ತಿರುವು, ತಿರುವಿನಾಚೆ ಇನ್ನೂ ಹನ್ನೊಂದು, ಎಣಿಸದೆ ಅವನು ಎಲ್ಲೂ ಹೋಗುವುದಿಲ್ಲ, ಮನೆಯಲ್ಲಿ ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ, ಕಚೇರಿಯಲ್ಲಿ ಬಾಗಿಲಿಂದ ತನ್ನ ಮೇಜಿಗೆ ಹದಿನಾಲ್ಕು, ಹೋದ ಸೋಮವಾರ ಬೀರು ಸರಿಸಿದ್ದರು, ಒಂಬತ್ತನೆಯ ಹೆಜ್ಜೆಗೆ ಅದರ ಮೂಲೆ ಸೊಂಟಕ್ಕೆ ಬಡಿಯಿತು, ಇನ್ನೂ ನೀಲಿಗಟ್ಟಿದೆ, ಬೆಳಬೆಳಗ್ಗೆನೇ ಹಾಕ್ಕೊಂಡು ಬಂದ್ರಾ ಸಾರ್ ಅಂತ ಬೈಂಡಿಂಗಿನವನು ನಕ್ಕ, ಅವನೂ ನಕ್ಕ, ನಗದೆ ಏನು ಮಾಡುವುದು. ಕರಡು ತಿದ್ದುವವನು ಅವನು, ಪುಟದ ತುದಿಯಲ್ಲಿ ಒಂದು ಕೊಂಬು ಬಿಟ್ಟುಹೋಗಿದ್ದರೆ ಕಣ್ಣಿಗೆ ಕುಟುಕುತ್ತದೆ, ಎದುರಿಗೆ ಆಳೆತ್ತರದ ಬೀರು ನಿಂತಿದ್ದರೆ ಕಾಣುವುದಿಲ್ಲ, ಕಾಣುತ್ತದೆ, ಕಂಡದ್ದು ಕಾಲಿಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಎಡವಟ್ಟು ಅಂತ ಹೆಸರಿಟ್ಟವರು ಚಿಕ್ಕಪ್ಪ, ಎಡವಟ್ಟು ಬಂತು ಲೋಟ ಎತ್ತಿಡಿ ಅನ್ನುತ್ತಿದ್ದರು, ಮನೆ ತುಂಬ ನಗು, ಅಮ್ಮ ಮಾತ್ರ ಹೊಲಿಗೆ ಯಂತ್ರದಿಂದ ತಲೆ ಎತ್ತುತ್ತಿರಲಿಲ್ಲ. ಐದು. ಅಮ್ಮ ಊರವರ ಬಟ್ಟೆ ಹೊಲಿಯುತ್ತಿದ್ದಳು, ಯಾರದೋ ಕೋಟಿನಲ್ಲಿ ಮಿಕ್ಕ ಒಂದು ಕೆಂಪು ಗುಂಡಿ ತಂದು ಅವನ ಶಾಲೆಯ ಅಂಗಿಯ ತೋಳಿಗೆ ಹೊಲಿದಳು, ನೋಡು, ಇದಿರೋ ಕೈ ಬಲಗೈ, ಮರೆತರೆ ಇದನ್ನ ಮುಟ್ಟಿ ನೋಡ್ಕೋ, ಯಾರೂ ನಿನ್ನ ಕೇಳಲ್ಲ. ಕೇಳಿದರು, ಎಲ್ಲರೂ ಕೇಳಿದರು, ಆಟದ ಬಯಲಿನಲ್ಲಿ ನಾಲ್ವರು ಹಿಡಿದು ಕಿತ್ತೇ ಬಿಟ್ಟರು, ಇನ್ನು ಹೊಲಿಬೇಡಮ್ಮ, ನಂಗೆ ಬೇಡ ಅಂದ, ಅವಳು ಹೊಲಿಯಲಿಲ್ಲ. ಆರು, ಪಾದ, ಹಿಮ್ಮಡಿ — ಮೇಲಿಂದ ಯಾರೋ ಧಾವಿಸಿ ಬರುತ್ತಿದ್ದಾರೆ, ಸ್ವಲ್ಪ ಸರೀರಿ, ಎಲ್ಲಿಗೆ ಸರಿಯುವುದು, ಒಂದು ಕೈ ಕಂಬಿಯ ಮೇಲಿದೆ, ಒಂದು ಕೈ ಅಮ್ಮನ ಹತ್ತಿರ ಇದೆ, ನಿಂತುಬಿಟ್ಟ, ಉಸಿರು ಬಿಗಿಹಿಡಿದ, ಭುಜ ಸವರಿಕೊಂಡು ಹೋದರು, ಅಮ್ಮ ವಾಲಲಿಲ್ಲ, ಅವನೂ ವಾಲಲಿಲ್ಲ. ಏಳು ಆಯಿತೋ ಆರೋ.

ಎಣಿಕೆ ತಪ್ಪಿತು, ಪರವಾಗಿಲ್ಲ, ಕೆಳಗೆ ನೆಲ ಕಾಣುತ್ತಿದೆ, ಇಳಿಯಮ್ಮ, ಹೂಂ, ಇಳಿಯಮ್ಮ, ಹೂಂ, ಬೆನ್ನೆಲ್ಲ ಒದ್ದೆ, ಇಳಿ, ಇನ್ನೊಂದು, ಇಳಿ, ಸಮನೆಲ, ತಿರುವು ಬಂತು. ಅರ್ಧ ದಾರಿ ಆಯಿತು, ಅಕ್ಕ ಬರುವಷ್ಟರಲ್ಲಿ ಕೆಳಗೆ ಮುಟ್ಟಿರಬೇಕು, ಬಾಗಿಲಲ್ಲಿ ಅಮ್ಮನ ಜೊತೆ ನಿಂತಿರಬೇಕು, ಅಷ್ಟೇ ಆಸೆ, ಒಂದೇ ಒಂದು ಸಲ. ಇಲ್ಲಿ ತಿರುಗಬೇಕು, ಯಾವ ಕಡೆಗೆಂದು ಕಾಲಿಗೆ ಗೊತ್ತಿದೆ, ಕಂಬಿ ಬಾಗಿದ ಕಡೆಗೆ, ಆದರೆ ಅಮ್ಮನಿಗೆ ಬಾಯಲ್ಲಿ ಹೇಳಬೇಕಲ್ಲ, ಎಂದಿನ ಹಾಗೆ ತೋಳು ಮುಟ್ಟಿ ನೋಡಿಕೊಳ್ಳೋಣವೆಂದರೆ ಎರಡು ಕೈಗೂ ಬಿಡುವಿಲ್ಲ, ತೋಳು ಅಮ್ಮನ ಮುಷ್ಟಿಯಲ್ಲಿದೆ, ಬಲಕ್ಕೆ ತಿರುಗಮ್ಮ ಅಂದುಬಿಟ್ಟ. ಅಮ್ಮ ತಿರುಗಿದಳು, ನಂಬಿ, ಬಲಕ್ಕೆ, ಅವನು ಕಂಬಿಯ ಜೊತೆ ಆಚೆ ಕಡೆಗೆ ಹೊರಳಿದ, ಆಗ ಕಂಡಿತು ಕಿಟಕಿ — ಅವಳ ಮಗ್ಗುಲಿಗೆ, ಒಳಮುಖವಾಗಿ ತೆರೆದುಕೊಂಡ ಕಬ್ಬಿಣದ ಬಾಗಿಲು, ಅದರ ಮೂಲೆ ಸರಿಯಾಗಿ ಅವಳ ಮುಖದ ಎತ್ತರಕ್ಕೆ, ಬಿಳಿ ಪಟ್ಟಿಗೂ ಮೂಲೆಗೂ ಒಂದು ಗೇಣು. ಕೂಗಿದರೆ ಬೆಚ್ಚಿಬೀಳುತ್ತಾಳೆ, ಎಳೆದರೆ ಜರ್ಕ್, ಕೈಗೆ ಹೇಳಿದರೆ ತಲುಪುವುದು ಯಾವಾಗ, ದೇವರೇ, ಇನ್ನರ್ಧ ಹೆಜ್ಜೆ. ಅಮ್ಮ ನಿಂತಳು. ಅವನ ಬಾಯಿ ಒಂದು ಕಡೆ ಹೇಳುತ್ತಿದೆ, ತೋಳು ಇನ್ನೊಂದು ಕಡೆ ಎಳೆಯುತ್ತಿದೆ, ಅವಳ ಹೆಬ್ಬೆರಳು ಅಂಗಿ ತೋಳಿನ ಅಂಚು ಮಡಿಚಿ ಒಳಗೆ ಹೋಯಿತು, ಏನೋ ತಡಕಿತು, ಮೂವತ್ತು ವರ್ಷ ಬಟ್ಟೆ ಹೊಲಿದ ಹೆಬ್ಬೆರಳು, ಅಲ್ಲೇ ನಿಂತಿತು. ಇದು ಬಲಗೈ ಅಲ್ವೇನೋ, ಹೂಂ ಅಮ್ಮ, ಇದು ನನ್ನ ಕಡೆ ಇದೆ, ನೀನು ಹೋಗ್ತಿರೋದು ಆ ಕಡೆ, ಹಾಗಾದ್ರೆ ಎಡ ಅನ್ನು. ಎಡ, ಎಡಕ್ಕಮ್ಮ. ಪಟ್ಟಿ ಕಟ್ಟಿದ ಮುಖ ನಿಧಾನವಾಗಿ ಮೂಲೆಯಿಂದ ಈಚೆಗೆ ತಿರುಗಿತು, ಅವನ ಕಡೆಗೆ, ಕೆಳಗೆ ಅಕ್ಕನ ಕಾರಿನ ಹಾರ್ನು, ಇನ್ನೂ ಹನ್ನೊಂದು ಮೆಟ್ಟಿಲು, ಯಾರು ಹೊಲಿದಿದ್ದು ಇದನ್ನ, ಅಮ್ಮ ಕೇಳುತ್ತಿದ್ದಾಳೆ, ನಾನೇ, ಎಲ್ಲ ಅಂಗಿಗೂನಾ, ಎಲ್ಲದಕ್ಕೂ, ದಾರ ಪೋಣಿಸೋಕೆ ಆಗುತ್ತೇನೋ ನಿಂಗೆ, ತುಂಬ ಹೊತ್ತು ಹಿಡಿಯುತ್ತೆ ಅಮ್ಮ, ಎಷ್ಟು ದಪ್ಪ ಗಂಟು ಹಾಕಿದ್ದೀಯೋ, ನಂಗೆ ಹೇಳಬಾರದಿತ್ತಾ. ಅವನು ಒಂದು ಅನ್ನಬೇಕು, ಪಾದ ಮುಂದೆ, ಹಿಮ್ಮಡಿ, ಒಂದು — ಬರುತ್ತಿಲ್ಲ, ಅಮ್ಮನ ಹೆಬ್ಬೆರಳು ಅಲ್ಲಿಂದ ಏಳುತ್ತಿಲ್ಲ, ಮಡಿಚಿದ ತೋಳಿನೊಳಗೆ, ಉಗುರಿನ ಪಕ್ಕದಲ್ಲಿ ಒಂದಿಷ್ಟೇ ಕೆಂಪು, ಗುಂಡಿ, ಕೆಂಪು ಗುಂಡಿ