ವಾಯರಿನ ಕೆಲಸ

"ನಿಮ್ಮಪ್ಪ ಜೀಪ್ ನೋಡಿದ್ನೇನಲೇ ಸೂಳಿಮಗನ, ನೀ ನನ್ನ ಜೀಪಿಗೆ ತೂತು ಹೊಡಿ ಅಂತಿ?"

ಚನ್ನಬಸನಗೌಡ ಹೀಗೆ ಕೇಳಿದಾಗ ಅಂಬ್ರಪ್ಪ ಹೊಸ ಜೀಪಿನ ಹಿಂದೆ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಬೆರಳು ದಪ್ಪದ ಉಕ್ಕಿನ ವಾಯರಿನ ತುದಿ ಇತ್ತು. ಅವನಪ್ಪ ಜೀಪು ನೋಡಿದ್ದ. ಒಮ್ಮೆ ಪೊಲೀಸರು ಅವನನ್ನು ಅದರಲ್ಲೇ ಹಾಕಿಕೊಂಡು ಹೋಗಿದ್ದರು. 

ಗೋಗಿ ಊರಿನ ಆಚೆ ಕಾಲುವೆ ಗುಡ್ಡವನ್ನು ಸೀಳಿಕೊಂಡು ಹೋಗಬೇಕಿತ್ತು. ಅಷ್ಟು ದೂರದ ಗುತ್ತಿಗೆ ಗೌಡನದು. ಕಾಲುವೆಗೆ ನೀರು ಬಂದರೆ ಮೊದಲು ಹರಿಯುವುದೂ ಅವನ ಹೊಲಕ್ಕೇ. ಬಂಡೆ ಕೊರೆಯುವ ಬರ್ಮಾಗಳಿಗೆ ಗಾಳಿ ಕೊಡಲು ಎರಡು ಗಾಲಿಯ ಮೇಲೆ ಕೂತ ಒಂದು ಕಂಪ್ರೆಸರ್ ಇತ್ತು. ಅದನ್ನು ಬೆಳಿಗ್ಗೆ ದಿಬ್ಬದ ಮೇಲಿನ ಕ್ಯಾಂಪಿನಿಂದ ಜೀಪಿಗೆ ಕಟ್ಟಿ ಇಳಿಜಾರಿನಲ್ಲಿ ಕೆಳಗಿಳಿಸಬೇಕು, ಸಂಜೆ ಸಿಡಿಮದ್ದು ಹಾರಿಸುವ ಮೊದಲು ಮತ್ತೆ ಮೇಲೆ ಎಳೆಯಬೇಕು. ಬಂಡೆಗೆ ತೂತು ಹೊಡೆಯುವುದು ಅಂಬ್ರಪ್ಪನ ಕೆಲಸ. ಅವನ ಹೆಂಡತಿ ಮರಿಲಿಂಗಮ್ಮನೂ ಕೇರಿಯ ಉಳಿದ ಹೆಂಗಸರೂ ಸಿಡಿದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಅದೇ ಇಳಿಜಾರು ಹತ್ತುತ್ತಿದ್ದರು.

ವಾಯರನ್ನು ಹಾಕಿದವನು ಶಹಾಪುರದ ಮೆಕ್ಯಾನಿಕ್ ಜಲಾಲುದ್ದೀನ. ಕಂಪ್ರೆಸರ್ ರಿಪೇರಿಗೆ ಬಂದಿದ್ದ ಅವನು ಹಳೆಯ ವಾಯರ್ ತುಂಡಾಗಿದ್ದನ್ನು ಕಂಡು, ಹೊಸದನ್ನು ಬ್ರೇಕಿನ ಲಿವರಿಗೆ ಬಿಗಿದು, ಅಂಬ್ರಪ್ಪನನ್ನು ಕರೆದು ತೋರಿಸಿದ್ದ. ಜೀಪು ಮತ್ತು ಕಂಪ್ರೆಸರ್ ಒಂದು ಕಬ್ಬಿಣದ ಪಿನ್ನಿನಿಂದ ಕೂಡಿಕೊಂಡಿರುತ್ತವೆ. ಪಿನ್ ಹಾರಿತು ಅಂದರೆ ಕಂಪ್ರೆಸರ್ ಜೀಪಿನಿಂದ ಕಳಚಿಕೊಳ್ಳುತ್ತದೆ. ಆಗ ಈ ವಾಯರ್ ಲಿವರನ್ನು ಜಗ್ಗಿ ಬ್ರೇಕ್ ಹಿಡಿಸುತ್ತದೆ.

"ಈ ತುದಿ ಜೀಪಿನ ಚಾಸಿಗೇ ಕಟ್ಟಬೇಕು ನೋಡು," ಅಂದಿದ್ದ ಜಲಾಲುದ್ದೀನ. "ಪಿನ್ನಿಗೆ ಕಟ್ಟಿದ್ರ ಪಿನ್ ಹಾರಿದ ಕೂಡ್ಲೆ ಇದೂ ಹೋತದ. ಸಡ್ಲ ಇರಬೇಕು, ತಿರುವಿನ್ಯಾಗ ಜಗ್ಗಬಾರ್ದು. ನೆಲಕ್ಕ ಎಳದಾಡೋವಷ್ಟೂ ಇರಬಾರ್ದು."

ಚಾಸಿಗೆ, ಅಂದರೆ ಜೀಪಿನ ಅಡಿಯ ಚೌಕಟ್ಟಿಗೆ, ಕಟ್ಟಲು ಒಂದು ಕಬ್ಬಿಣದ ಬಳೆಯಂಥ ಕಡಿ ಬೇಕು. ಕಡಿ ಕೂರಿಸಲು ಎರಡು ತೂತು ಹೊಡೆಯಬೇಕು. ಗೌಡ ಗುಲಬರ್ಗಾದಿಂದ ಜೀಪು ತಂದು ಒಂಬತ್ತು ದಿನವಾಗಿತ್ತು. ಮುಂದಿನ ಗಾಜಿನ ಮೇಲೆ ಪೂಜೆಯ ವಿಭೂತಿ ಇನ್ನೂ ಅಳಿಸಿರಲಿಲ್ಲ. ಪಿನ್ನಿಗೇ ಸಿಕ್ಕಿಸು ಎಂದ. ಪಿನ್ನಿಗೆ ಸಿಕ್ಕಿಸಿದರೆ ಉಪಯೋಗವಿಲ್ಲ ಎಂದು ಅಂಬ್ರಪ್ಪ ಜಲಾಲುದ್ದೀನನ ಮಾತನ್ನೇ ತಿರುಗಿ ಹೇಳಿದ. ಇಳಿಜಾರಿನ ಬುಡದಲ್ಲಿ ಇಪ್ಪತ್ತು ಹೆಂಗಸರು ಇರುತ್ತಾರೆ ಎಂದೂ ಹೇಳಿದ.

ಗೌಡ ವಾಯರನ್ನು ನೋಡಿದ, ಲಿವರನ್ನು ನೋಡಿದ, ಆಮೇಲೆ ಅಂಬ್ರಪ್ಪನನ್ನು ನೋಡಿದ.

"ಲಿವರ್ ಜಗ್ಗಾದು ಅಷ್ಟ ಹೌದಿಲ್ಲೋ? ಅದಕ್ಕ ವಾಯರ್ ಯಾಕ ಬೇಕು? ನೀ ಅಲ್ಲೇ ಕುಂದ್ರು. ಪಿನ್ ಹಾರಿದ್ರ ಜಗ್ಗು."

ಹೀಗೆ ಅಂಬ್ರಪ್ಪನಿಗೆ ವಾಯರಿನ ಕೆಲಸ ಸಿಕ್ಕಿತು.

ಕಂಪ್ರೆಸರಿನ ಮುಂದೆ ಎರಡು ಕಬ್ಬಿಣದ ತೊಲೆಗಳು ಬಂದು ಜೀಪಿನ ಹತ್ತಿರ ಕೂಡುತ್ತವೆ. ಅವುಗಳ ನಡುವೆ ಒಂದು ಮರದ ಹಲಿಗೆ ಹಾಕಿದರು. ಬೆಳಿಗ್ಗೆ ಎಂಟಕ್ಕೆ ಅಂಬ್ರಪ್ಪ ಅದರ ಮೇಲೆ ಕೂತು ಬಲಗೈಯಲ್ಲಿ ಲಿವರ್ ಹಿಡಿದು, ಕಾಲು ಮಡಚಿಕೊಂಡು ಇಳಿಯುತ್ತಿದ್ದ. ಜೀಪಿನ ಹೊಗೆ ನೇರ ಮುಖಕ್ಕೆ ಹೊಡೆಯುತ್ತಿತ್ತು. ಕೆಳಗೆ ಇಳಿದ ಮೇಲೆ ಹುಬ್ಬು, ಮೀಸೆ ಒಂದೇ ಬಣ್ಣದವಾಗಿರುತ್ತಿದ್ದವು. ಆಮೇಲೆ ದಿನವಿಡೀ ಬರ್ಮಾ ಹಿಡಿಯಬೇಕು. ಸಂಜೆ ಮತ್ತೆ ಹಲಿಗೆ. ಎರಡು ಕೆಲಸಕ್ಕೂ ಕೂಲಿ ಒಂದೇ, ಕೂತು ಮಾಡುವ ಕೆಲಸಕ್ಕೆ ಕೂಲಿ ಕೊಡುವುದು ಸರಕಾರಿ ಆಫೀಸಿನಲ್ಲಿ ಮಾತ್ರ ಎಂದು ಗೌಡ ಹೇಳಿದ್ದ. ನಾಲ್ಕನೇ ದಿನಕ್ಕೆ ಹುಡುಗರು ಅವನನ್ನು ವಾಯರ್ ಎಂದು ಕರೆಯತೊಡಗಿದರು. ಹೆಸರು ಕರೆದರೂ ವಾಯರ್ ಅಂದರೂ ಅವನು ತಿರುಗಿ ನೋಡುತ್ತಿದ್ದ.

ಕಾಲುವೆಯ ಸೆಕ್ಷನ್ ಇಂಜಿನಿಯರ್ ಸಾಹೇಬರು ಒಂದು ಮುಂಜಾನೆ ಕೆಲಸ ನೋಡಲು ಬಂದಾಗ ತೊಲೆಯ ಮೇಲೆ ಮನುಷ್ಯ ಕೂತಿರುವುದನ್ನು ಕಂಡು ಇವನು ಯಾರು ಎಂದು ಕೇಳಿದರು. ಸೇಫ್ಟಿ ಎಂದು ಗೌಡ ಹೇಳಿದ. ಸಾಹೇಬರು ತಲೆಯಾಡಿಸಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಗೌಡನ ಟೆಂಟಿನಲ್ಲಿ ಅವರಿಗೆ ಬಿಸಿರೊಟ್ಟಿ, ಕೋಳಿ ತಯಾರಾಗಿತ್ತು.

ಮನೆಯಲ್ಲಿ ಅಂಬ್ರಪ್ಪ ಈ ಮಾತು ಆಡುತ್ತಿರಲಿಲ್ಲ. ಒಂದು ಸಲ ಮರಿಲಿಂಗಮ್ಮನೇ ಕೆದಕಿ ಕೇಳಿದಳು, ಪಿನ್ನಿಗೆ ಕಟ್ಟಿದರೆ ಏನಾಗುತ್ತದೆ, ಗೌಡ ಹೇಳಿದಂತೆ ಕಟ್ಟಿ ಸುಮ್ಮನಿರಬಾರದೇ ಎಂದು. ಅವನು ಅಂಗಳದಲ್ಲಿದ್ದ ಆಡನ್ನು ತೋರಿಸಿದ.

"ಹಗ್ಗದ ಎರಡೂ ತುದಿ ಆಡಿನ ಕೊರಳಿಗೇ ಕಟ್ಟಿ, ಗೂಟಕ್ಕ ಕಟ್ಟೀನಿ ಅಂದ್ರ ಅದು ನಿಂದ್ರತದೇನು?"

ಅವಳಿಗೆ ತಿಳಿಯಿತು. ತಿಳಿದಿದ್ದರಿಂದ ಆವತ್ತಿನಿಂದ ಬುಟ್ಟಿ ಹೊರುವಾಗ ಜೀಪಿನ ಸಪ್ಪಳ ಕೇಳಿದರೆ ಅವಳು ಇಳಿಜಾರಿನ ಕಡೆ ತಿರುಗುತ್ತಿದ್ದಳು. ಗಂಡ ಮೇಲೆ ಹೋಗಿ ಮುಟ್ಟುವ ತನಕ ಬುಟ್ಟಿ ತಲೆಯ ಮೇಲೇ ಇಟ್ಟುಕೊಂಡು ನಿಲ್ಲುತ್ತಿದ್ದಳು. ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಬೈಯುತ್ತಿದ್ದ.

ಹದಿನೇಳನೇ ದಿನ ಸಂಜೆ ನಾಲ್ಕೂವರೆಗೆ ಪಿನ್ ಹಾರಿತು. ಜೀಪು ಇಳಿಜಾರಿನ ಮುಕ್ಕಾಲು ಭಾಗ ಹತ್ತಿತ್ತು. ಹಿಂದಿನ ಗಾಲಿ ಒಂದು ಕಲ್ಲು ಹತ್ತಿ ಇಳಿಯಿತು, ಅಷ್ಟೇ. ಹಗುರಾದ ಜೀಪು ಮುಂದಕ್ಕೆ ಜಿಗಿಯಿತು. ಕಂಪ್ರೆಸರಿನ ತೊಲೆ ನೆಲಕ್ಕೆ ಬಡಿದು, ಇಡೀ ಗಾಡಿ ಹಿಂದಕ್ಕೆ ಜಾರತೊಡಗಿತು. ಕೆಳಗಿದ್ದ ಹೆಂಗಸರು ನೋಡಿದರು. ಓಡಲು ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆಯೂ ಬಂಡೆಯ ಗೋಡೆ.

ಅಂಬ್ರಪ್ಪ ಹಾರಿಕೊಳ್ಳಬಹುದಿತ್ತು. ಹಾರಲಿಲ್ಲ. ಎರಡೂ ಕೈಯಿಂದ ಲಿವರ್ ಜಗ್ಗಿ ಮೈಯೆಲ್ಲ ಅದರ ಮೇಲೆ ಹಾಕಿದ. ಎಡಗಡೆಯ ಗಾಲಿಯ ಬ್ರೇಕ್ ಮೊದಲು ಹಿಡಿಯಿತು. ಗಾಡಿ ಅಡ್ಡ ತಿರುಗಿ, ಗೋಡೆಗೆ ಒರಗಿ, ಹೆಂಗಸರಿಂದ ಐದಾರು ಮಾರು ಮೇಲೆ ನಿಂತಿತು. ಅವನ ಬಲಗಾಲು ತೊಲೆ ಮತ್ತು ಬಂಡೆಯ ನಡುವೆ ಇತ್ತು.

ಗೌಡ ಕ್ಯಾಂಪಿನಿಂದ ಓಡಿ ಬಂದ. ಮೊದಲು ಜೀಪಿನ ಹಿಂಭಾಗವನ್ನು ಬಗ್ಗಿ ನೋಡಿದ. ಏನೂ ಆಗಿರಲಿಲ್ಲ. ಗಾಯದವನನ್ನು ಜೀಪಿನಲ್ಲಿ ಹಾಕಿಕೊಂಡು ಹೋಗೋಣವೇ ಎಂದು ಡ್ರೈವರ್ ಕೇಳಿದ್ದಕ್ಕೆ, ರಕ್ತ ಸೋರುತ್ತದೆ, ಟ್ರ್ಯಾಕ್ಟರ್ ಬರಲಿ ಎಂದ. ಟ್ರ್ಯಾಕ್ಟರ್ ಬರಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಮರಿಲಿಂಗಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಎರಡು ಸಲ ಕಣ್ಣು ಬಿಟ್ಟು, ಯಾರಿಗಾದರೂ ಬಡಿಯಿತೇನು ಎಂದು ಕೇಳಿದ. ಇಲ್ಲ ಅಂದಳು.

ಶಹಾಪುರದ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿದರು.

ಮೂರನೇ ದಿನ ಗೌಡ ಒಂದು ಕಾಗದ ಹಿಡಿದುಕೊಂಡು ವಾರ್ಡಿಗೆ ಬಂದ. ಜತೆಗೆ ಒಂದು ಡಜನ್ ಬಾಳೆಹಣ್ಣು, ಮಸಿಯ ಡಬ್ಬಿ. ಸಾಹೇಬರು ಮೇಲಿನವರಿಗೆ ವರದಿ ಕಳಿಸಬೇಕಂತೆ, ಗಂಡ ಹೆಂಡತಿ ಇಬ್ಬರದೂ ಹೆಬ್ಬೆಟ್ಟು ಬೇಕಂತೆ. ಮರಿಲಿಂಗಮ್ಮ ಕಾಗದವನ್ನು ಇಸಿದುಕೊಂಡು ನರ್ಸ್ ಹಜರಾಬೀಗೆ ಕೊಟ್ಟು, ಓದಕ್ಕಾ ಅಂದಳು. ಹಜರಾಬೀ ನಿಂತಲ್ಲೇ ಓದಿದಳು. ಗುತ್ತಿಗೆದಾರರು ಸದರಿ ವಾಯರನ್ನು ನಿಯಮಾನುಸಾರ ಜೀಪಿನ ಚಾಸಿಗೆ ಕಟ್ಟಿಸಿದ್ದಾಗ್ಯೂ, ಕೂಲಿಕಾರನು ಮದ್ಯದ ಅಮಲಿನಲ್ಲಿ ಅದನ್ನು ಬಿಚ್ಚಿ, ಅಪ್ಪಣೆಯಿಲ್ಲದೆ ತೊಲೆಯ ಮೇಲೆ ಕೂತು ಪ್ರಯಾಣಿಸಿದ್ದರಿಂದ ಎಂದು ಬರೆದಿತ್ತು. ತಪ್ಪಿಲ್ಲದ ಕನ್ನಡ. ಅಂಬ್ರಪ್ಪ ಹುಟ್ಟಿದಾಗಿನಿಂದ ಸೆರೆ ಕುಡಿದವನಲ್ಲ.

ಮರಿಲಿಂಗಮ್ಮ ಇನ್ನೊಮ್ಮೆ ಓದಲು ಹೇಳಿದಳು. ಹಜರಾಬೀ ಈ ಸಲ ಜೋರಾಗಿ ಓದಿದಳು. ಪಕ್ಕದ ಹಾಸಿಗೆಯವರು ಎದ್ದು ಕೂತು ಕೇಳಿದರು.

ಗೌಡ ದನಿ ತಗ್ಗಿಸಿದ. "ಹೆಬ್ಬಟ್ಟ ಒತ್ತಬೇ. ಒಂಟಿಗಾಲಾಂವನ್ನ ಕಟಗೊಂಡು ಏನ್ ಮಾಡ್ತಿ? ಅವನ ಕೆಲಸ ನಿನಗ ಕೊಡ್ತೀನಿ. ಬುಟ್ಟಿ ಹೊರೋ ಕಾಟ ಇಲ್ಲ. ಲಿವರ್ ಹಿಡಕೊಂಡು ಕುಂದ್ರಾದಷ್ಟ."

ಅವನು ಅದನ್ನು ಕುಚೋದ್ಯಕ್ಕೆ ಹೇಳಿರಲಿಲ್ಲ. ಉಪಕಾರವೆಂದೇ ತಿಳಿದಿದ್ದ. ಮರಿಲಿಂಗಮ್ಮ ಹಜರಾಬೀ ಕಡೆ ಕೈ ಚಾಚಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ನಾಳಿ ಬರ್ತೀನ್ರಿ," ಅಂದಳು. ಒಪ್ಪಿದಳು ಎಂದುಕೊಂಡು ಗೌಡ ಹೊರಟ.

ಮರುದಿನ ಅವಳು ಕ್ಯಾಂಪಿಗೆ ಬಂದಳು. ಗೋಗಿಯ ಕಡೆಯಿಂದ ಬಿಸಿಲು ಏರುತ್ತಿತ್ತು. ಜೀಪಿಗೆ ಕಂಪ್ರೆಸರ್ ಕಟ್ಟಿ ಆಗಿತ್ತು, ಹೊಸ ಪಿನ್ ಹಾಕಿದ್ದರು, ಹಲಿಗೆ ತೊಳೆದಿದ್ದರು. ವಾಯರ್ ಸುರುಳಿಯಾಗಿ ಲಿವರಿಗೇ ಸುತ್ತಿಕೊಂಡಿತ್ತು. ಎಂಟೂವರೆಗೆ ಸಾಹೇಬರು ಬರುವವರಿದ್ದರು. ಗೌಡ ಕೈಗಡಿಯಾರ ನೋಡಿಕೊಂಡು, ಹತ್ತಿ ಕೂರು ಎಂದು ಹಲಿಗೆಯ ಕಡೆ ಗದ್ದ ತೋರಿಸಿದ.

ಮರಿಲಿಂಗಮ್ಮ ಹಲಿಗೆಯನ್ನು ದಾಟಿ ಮುಂದೆ ಹೋದಳು. ಜೀಪಿನ ಎಡಗಡೆ ಕಾಲಿಟ್ಟು ಹತ್ತಿ ಡ್ರೈವರಿನ ಪಕ್ಕದ ಸೀಟಿನಲ್ಲಿ, ಗೌಡ ಕೂರುವಲ್ಲಿ, ಕೂತಳು. ಸೆರಗು ಸರಿ ಮಾಡಿಕೊಂಡಳು. ಎದುರಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು.

ಗೌಡ ಜೀಪಿನ ಹತ್ತಿರ ಓಡಿ ಬಂದ.

"ಏಯ್! ಎಲ್ಲಿ ಕುಂತೀಯಬೇ ಭೋಸುಡಿ? ಇಳಿ ಕೆಳಗ!"

"ವಾಯರ್ ಜೀಪಿಗಿ ಕಟ್ಟೀನಿ ಅಂತ ಕಾಗದದಾಗ ಬರದೀರಲ್ರಿ," ಅಂದಳು ಅವಳು, ಮುಂದಿನ ದಾರಿ ನೋಡುತ್ತಾ. "ಅದಕ್ಕ ಜೀಪಿನ್ಯಾಗ ಕುಂತೀನಿ. ಹಿಂದ ಲಿವರ್ ಖಾಲಿ ಅದ. ನೀವು ಕುಂದ್ರತೀರಿ ಅಂದ್ರ ಕುಂದರ್ರಿ."

ಗೌಡ ಅವಳನ್ನು ಎಳೆದು ಇಳಿಸಬೇಕೆಂದರೆ ಕೇರಿಯವಳನ್ನು ಮುಟ್ಟಬೇಕಿತ್ತು. ಅಂದು ಸೋಮವಾರ, ಮಿಂದು ಲಿಂಗಪೂಜೆ ಮಾಡಿಕೊಂಡು ಬಂದಿದ್ದ. ಇಳಿಸೋ ಇವಳನ್ನು ಎಂದು ಡ್ರೈವರಿಗೆ ಕೂಗಿದ. ಡ್ರೈವರ್ ಸ್ಟಿಯರಿಂಗ್ ಬಿಟ್ಟು ಕೆಳಗಿಳಿದು ದೂರ ಹೋಗಿ ನಿಂತ. ಅವನ ಹೆಂಡತಿಯೂ ಪಿನ್ ಹಾರಿದ ಸಂಜೆ ಇಳಿಜಾರಿನ ಬುಡದಲ್ಲಿದ್ದಳು.

"ನಾ ಗಾಡಿ ಹೊಡಿಯಾಂವ್ರಿ ಗೌಡ್ರ. ಮಂದಿ ಇಳಸಾಂವ ಅಲ್ಲ."

ಗೌಡ ಅವಳ ತಾಯಿಯನ್ನು ಬೈದ, ಜಾತಿಯನ್ನು ಬೈದ, ದವಾಖಾನೆಯಲ್ಲಿ ಮಲಗಿದವನನ್ನು ಬೈದ. ಕ್ಯಾಂಪಿನಿಂದ ಕೋಲು ತರಿಸಿದ. ಕೋಲಿನ ತುದಿಯಿಂದ ಅವಳ ಭುಜಕ್ಕೆ ತಿವಿದ, ಪಕ್ಕೆಗೆ ತಿವಿದ. ಅವಳು ಸರಳು ಬಿಡಲಿಲ್ಲ. ಮೂರನೆಯ ಸಲ ಕೋಲೆತ್ತುವಾಗ ಬೆನ್ನ ಹಿಂದೆ ಸಪ್ಪಳವಾಗಿ ತಿರುಗಿದ.

ಹೆಂಗಸರು ಕೆಳಗಿನಿಂದ ಹತ್ತಿ ಬಂದಿದ್ದರು. ನಿನ್ನೆ ಸಿಡಿಸಿದ ಕಲ್ಲು ಬುಟ್ಟಿಗಳಲ್ಲಿತ್ತು. ಕಲ್ಲು ಸುರಿಯುವ ಗುಡ್ಡೆ ಎಡಕ್ಕಿದೆ, ದಿನವೂ ಅತ್ತ ಹೋಗುವವರು ಆವತ್ತು ಹೋಗಲಿಲ್ಲ. ಒಬ್ಬೊಬ್ಬರೇ ಬಂದು ಜೀಪಿನ ಸುತ್ತ, ಗೌಡನ ಸುತ್ತ ನಿಂತರು.  ದೂರದಲ್ಲಿ ಸಾಹೇಬರ ಗಾಡಿಯ ಧೂಳು ಏಳುತ್ತಿತ್ತು. ಕಲ್ಲಿನ ಭಾರಕ್ಕೆ ಕೊರಳ ನರಗಳು ಉಬ್ಬಿದ್ದವು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಯಾರೂ ಬುಟ್ಟಿ ಕೆಳಗಿಡಲಿಲ್ಲ.